ಪೀಪಾಯಿ ಮತ್ತು ಅದರ ಶಿಲ್ಪಿಗಳು: ಐರೋಪ್ಯ ದಾರುಪಾತ್ರ ನಿರ್ಮಾಣದ ಇತಿಹಾಸ

೧

ಕನ್ನಡದಲ್ಲಿ ಇಂದು ಪಂಡಿತ ಪಾಮರರೆಲ್ಲರೂ ಬಳಸುವ ‘ಪೀಪಾಯಿ’ ಎಂಬ ಶಬ್ದವು ಮೂಲತಃ ನಮ್ಮ ಭಾಷೆಯದಲ್ಲ. ಪೋರ್ಚುಗೀಸರ ‘ಪಿಪಾ’ ಎಂಬ ಶಬ್ದವು ಪಶ್ಚಿಮ ಕರಾವಳಿಯ ವ್ಯಾಪಾರದ ಮೂಲಕ ಕೊಂಕಣಿ ಮರಾಠಿಗಳಲ್ಲಿ ಬೇರೂರಿದಂತೆಯೇ ಕನ್ನಡಕ್ಕೂ ಬಂದು ಸೇರಿತು. ಚಾವಿ, ಅಲಮಾರು, ಪಾದ್ರಿ, ಬಟಾಟೆ, ಪಗಾರ, ಮೇಸ್ತ್ರಿ ಮೊದಲಾದ ಶಬ್ದಗಳು ಬಂದ ದಾರಿಯೂ ಇದೇ ಆಗಿದೆ. ಇಂಥ ಶಬ್ದಗಳ ಶಾಸ್ತ್ರೀಯ ಅಧ್ಯಯನಕ್ಕೆ ಗೋವೆಯ ವಿದ್ವಾಂಸ ಸೆಬಾಸ್ತಿಯಾಂವ್ ರೊದೊಲ್ಫೊ ದಾಲ್ಗಾದೊ ಅವರು ೧೯೧೩ರಲ್ಲಿ ಪ್ರಕಟಿಸಿದ ಗ್ರಂಥವು ತಳಹದಿಯಾಗಿರುವುದನ್ನು ಭಾಷಾಶಾಸ್ತ್ರದ ಅಭ್ಯಾಸಿಗಳು ಬಲ್ಲರು.

ಶಬ್ದವೊಂದು ಹೊಸದಾಗಿ ಬರುವುದಕ್ಕೆ ಸಾಮಾನ್ಯವಾಗಿ ವಸ್ತುವೊಂದು ಹೊಸದಾಗಿ ಬಂದಿರುವುದೇ ಕಾರಣ. ನೀರು, ಎಣ್ಣೆ, ತುಪ್ಪ, ಧಾನ್ಯಗಳನ್ನು ತುಂಬಿಡಲು ನಮ್ಮಲ್ಲಿ ಮಣ್ಣಿನ ಗುಡಾಣ, ತಾಮ್ರದ ಹಂಡೆ ಕೊಪ್ಪರಿಗೆಗಳು, ತೊಗಲಿನ ಸಿದ್ದಿಗೆ ಇವು ಮೊದಲಿನಿಂದಲೂ ಇದ್ದವು. ಮರದ ಪಾತ್ರೆ ನಮ್ಮವರಿಗೆ ಅಪರಿಚಿತವಾಗಿರಲಿಲ್ಲ. ಆದರೆ ನಮ್ಮ ಮರಿಗೆಯು ಒಂದೇ ದಿಮ್ಮಿಯನ್ನು ತೋಡಿ ಮಾಡಿದುದು. ಹಲವು ಹಲಗೆಗಳನ್ನು ವರ್ತುಲಾಕಾರವಾಗಿ ಜೋಡಿಸಿ, ಅಂಟು ಮೊಳೆಗಳ ಸಹಾಯವಿಲ್ಲದೆ ಕೇವಲ ಬಳೆಗಳ ಬಿಗಿತದಿಂದ ದ್ರವವು ಸೋರದಂತೆ ನಿಲ್ಲಿಸುವ ಹೊಟ್ಟೆಯುಬ್ಬಿದ ಪಾತ್ರೆಯು ಯುರೋಪಿನ ಒಂದು ವಿಶಿಷ್ಟ ಶಿಲ್ಪ.

ಈ ಶಿಲ್ಪವು ಯಾವಾಗ ಹುಟ್ಟಿತು, ಅದರ ಉಪಕರಣಗಳಾವುವು, ಅವುಗಳಿಂದ ಕೆಲಸ ಹೇಗೆ ಸಾಗುತ್ತಿತ್ತು, ಇತಿಹಾಸದ ಗತಿಯ ಮೇಲೆ ಅದರ ಪ್ರಭಾವವೇನು ಎಂಬ ಪ್ರಶ್ನೆಗಳನ್ನು ಪ್ರಕೃತ ಲೇಖನದಲ್ಲಿ ಸಂಕ್ಷೇಪವಾಗಿ ವಿವೇಚಿಸಲಾಗಿದೆ. ಇತಿಹಾಸಕಾರರು ದ್ರಾಕ್ಷಾರಸದ ವ್ಯಾಪಾರವನ್ನೂ ನೌಕಾಯಾನವನ್ನೂ ಯುದ್ಧಗಳನ್ನೂ ಕುರಿತು ವಿಪುಲವಾಗಿ ಬರೆದಿದ್ದಾರೆ. ಆ ಸರಕನ್ನು ಹೊತ್ತ ಪಾತ್ರೆಯನ್ನು ಕುರಿತು ಬರೆದುದು ಸ್ವಲ್ಪ. ಪಾತ್ರೆಯನ್ನು ಮರೆತರೆ ಸರಕಿನ ಇತಿಹಾಸವೂ ಅಪೂರ್ಣವಾಗುತ್ತದೆ ಎಂಬುದೇ ಇಲ್ಲಿನ ಪ್ರತಿಪಾದನೆ.

೨

ಹಲಗೆಗಳನ್ನು ಬಳೆಯಿಂದ ಬಿಗಿದ ಪಾತ್ರೆಯ ಅತಿ ಪ್ರಾಚೀನ ಚಿತ್ರಗಳು ಈಜಿಪ್ಟಿನಲ್ಲಿ ದೊರೆತಿವೆ. ಸಕ್ಕಾರದಲ್ಲಿ ಮೂರನೆಯ ರಾಜವಂಶದ ಕಾಲದ ಅಧಿಕಾರಿಯಾದ ಹೆಸಿಯ ಸಮಾಧಿಯ ಗೋಡೆಯ ಮೇಲೆ, ಎಂದರೆ ಕ್ರಿ. ಪೂ. ಸುಮಾರು ೨೬೫೦ರಷ್ಟು ಹಿಂದೆ, ಮರದ ಬಳೆಗಳುಳ್ಳ ಅಳತೆಯ ಕೊಳಗಗಳನ್ನು ಚಿತ್ರಿಸಲಾಗಿದೆ. ಆದರೆ ಇವು ನೇರವಾದ ಬದಿಗಳುಳ್ಳ, ಬಾಯಿ ತೆರೆದ ಪಾತ್ರೆಗಳು. ಎರಡೂ ತುದಿಗಳಲ್ಲಿ ಮುಚ್ಚಿದ, ನಡುವೆ ಉಬ್ಬಿದ ನಿಜವಾದ ಪೀಪಾಯಿಯು ಆಲ್ಪ್ಸ್ ಪರ್ವತಗಳ ಆಸುಪಾಸಿನ ಕೆಲ್ಟಿಕ್ ಜನರಿಂದ ರೋಮನರಿಗೆ ಬಂದಿತೆಂದು ತೋರುತ್ತದೆ. ಆಲ್ಪ್ಸಿನ ಸುತ್ತಿನವರು ದ್ರಾಕ್ಷಾರಸವನ್ನು ಬಳೆ ಬಿಗಿದ ಮರದ ಪಾತ್ರೆಗಳಲ್ಲಿ ಇಡುತ್ತಾರೆಂದು ಕ್ರಿ. ಶ. ಮೊದಲನೆಯ ಶತಮಾನದ ಹಿರಿಯ ಪ್ಲಿನಿಯು ಹೇಳಿದ್ದಾನೆ. ಉತ್ತರ ಇಟಲಿಯಲ್ಲಿ ಮನೆಗಳಿಗಿಂತ ದೊಡ್ಡವಾದ ಮರದ ಪಾತ್ರೆಗಳಿವೆಯೆಂದು ಸ್ಟ್ರಾಬೊ ಬರೆದಿದ್ದಾನೆ. ಇದರಲ್ಲಿ ಅತಿಶಯೋಕ್ತಿಯಿದ್ದರೂ, ಮಣ್ಣಿನ ಪಾತ್ರೆಗಳನ್ನೇ ಕಂಡು ಬೆಳೆದ ಗ್ರೀಕ್ ಲೇಖಕನಿಗೆ ಅವು ಎಷ್ಟು ವಿಲಕ್ಷಣವಾಗಿ ತೋರಿರಬೇಕೆಂಬುದನ್ನು ನಾವು ಊಹಿಸಬಹುದು.

ಕ್ರಿ. ಪೂ. ೫೧ರಲ್ಲಿ ಗಾಲ್ ದೇಶದ ಉಕ್ಸೆಲ್ಲೊಡುನಮ್ ಕೋಟೆಯವರು ಕೊಬ್ಬು, ರಾಳ, ಮರದ ಚೂರುಗಳನ್ನು ತುಂಬಿದ ಪೀಪಾಯಿಗಳಿಗೆ ಬೆಂಕಿಯಿಟ್ಟು ರೋಮನ್ ಸೈನ್ಯದ ಮೇಲೆ ಉರುಳಿಸಿದರೆಂದು ಸೀಸರನ ಗ್ರಂಥಕ್ಕೆ ಹಿರ್ಟಿಯಸ್ ಸೇರಿಸಿದ ಎಂಟನೆಯ ಭಾಗದಿಂದ ತಿಳಿಯುತ್ತದೆ. ಕ್ರಿ. ಶ. ೨೩೮ರಲ್ಲಿ ಅಕ್ವಿಲೇಯ ನಗರವನ್ನು ಮುತ್ತಲು ಹೊರಟ ಸಾಮ್ರಾಟ ಮ್ಯಾಕ್ಸಿಮಿನಸನ ಸೈನ್ಯವು ಉಕ್ಕಿ ಹರಿಯುವ ನದಿಯನ್ನು ದಾಟಿದ್ದು ದ್ರಾಕ್ಷಾರಸದ ಬರಿದಾದ ಪೀಪಾಯಿಗಳನ್ನು ಒಂದಕ್ಕೊಂದು ಕಟ್ಟಿದ ಸೇತುವೆಯ ಮೇಲೆ ಎಂದು ಹೆರೋಡಿಯನ್ ತಿಳಿಸುತ್ತಾನೆ. ರೋಮಿನಲ್ಲಿ ಕ್ರಿ. ಶ. ೧೧೩ರಲ್ಲಿ ಎತ್ತಿದ ಟ್ರಾಜನನ ಸ್ತಂಭದ ಕೆತ್ತನೆಗಳಲ್ಲಿ ಡ್ಯಾನ್ಯೂಬ್ ನದಿಯ ದೋಣಿಗಳಲ್ಲಿ ಪೀಪಾಯಿಗಳಿವೆ. ಮೋಸೆಲ್ ನದಿಯ ತೀರದ ನಾಯ್ಮಾಗೆನ್‌ನಲ್ಲಿ ದೊರೆತ ಮೂರನೆಯ ಶತಮಾನದ ಶಿಲ್ಪವೊಂದು ಪೀಪಾಯಿಗಳನ್ನು ಹೇರಿದ ನೌಕೆಯ ರೂಪದಲ್ಲಿಯೇ ಇದೆ.

ಉತ್ಖನನಗಳ ಸಾಕ್ಷ್ಯವೂ ಗಮನಾರ್ಹವಾಗಿದೆ. ಇಂಗ್ಲೆಂಡಿನ ಸಿಲ್ಚೆಸ್ಟರಿನಲ್ಲಿ ರೋಮನ್ ಕಾಲದ ಬಾವಿಗಳ ಒಳಗೋಡೆಗೆ ಹಳೆಯ ಪೀಪಾಯಿಗಳನ್ನು ಇಳಿಸಲಾಗಿತ್ತು. ಅವುಗಳ ಮರವು ಬೆಳ್ಳಿ ಫರ್. ಈ ಮರ ಬ್ರಿಟನ್ನಿನಲ್ಲಿ ಸ್ವಾಭಾವಿಕವಾಗಿ ಬೆಳೆಯುವುದಲ್ಲ. ಆದುದರಿಂದ ಅವು ಯುರೋಪಿನ ಒಳನಾಡಿನಿಂದ ದ್ರಾಕ್ಷಾರಸವನ್ನು ಹೊತ್ತು ಬಂದು, ಬರಿದಾದ ಮೇಲೆ ಬಾವಿಗೆ ಇಳಿದವೆಂಬುದು ಸ್ಪಷ್ಟ.

ಇಲ್ಲಿ ಸಂಶೋಧಕನು ಎಚ್ಚರ ವಹಿಸಬೇಕಾದ ಒಂದು ವಿಷಯವಿದೆ. ಮಣ್ಣಿನ ಪಾತ್ರೆ ಒಡೆದರೂ ಅದರ ಚೂರುಗಳು ಸಾವಿರಾರು ವರ್ಷ ಉಳಿಯುತ್ತವೆ. ರೋಮಿನ ಮಾಂಟೆ ಟೆಸ್ಟಾಚ್ಚೊ ಎಂಬ ಗುಡ್ಡವೇ ಎಣ್ಣೆಯ ಆಂಫೊರಾಗಳ ಚೂರುಗಳಿಂದ ಎದ್ದುದು. ಮರವಾದರೋ ಕೊಳೆಯುತ್ತದೆ, ಇಲ್ಲವೆ ಒಲೆ ಸೇರುತ್ತದೆ. ಹೀಗಿರಲು, ಒಂದು ನೆಲೆಯಲ್ಲಿ ಆಂಫೊರಾದ ಚೂರುಗಳು ಕಡಿಮೆಯಾದವೆಂಬ ಮಾತ್ರಕ್ಕೆ ಅಲ್ಲಿ ದ್ರಾಕ್ಷಾರಸದ ವ್ಯಾಪಾರ ಕುಗ್ಗಿತೆಂದು ನಿರ್ಣಯಿಸುವುದು ಸಾಧುವಲ್ಲ. ವ್ಯಾಪಾರವು ಮಣ್ಣಿನಿಂದ ಮರಕ್ಕೆ ಸ್ಥಳಾಂತರಗೊಂಡಿರಬಹುದು. ಪಶ್ಚಿಮ ರೋಮನ್ ಪ್ರಾಂತಗಳಲ್ಲಿ ಹಾಗೆಯೇ ಆಯಿತೆಂದು ಇತ್ತೀಚಿನ ವಿದ್ವಾಂಸರು ತೋರಿಸಿದ್ದಾರೆ.

೩

ಪೀಪಾಯಿಯು ಆಂಫೊರಾವನ್ನು ಹಿಂದಿಕ್ಕಿದುದಕ್ಕೆ ಕಾರಣಗಳು ಅದರ ಆಕಾರದಲ್ಲಿಯೇ ಇವೆ. ಇಟಲಿಯ ದ್ರಾಕ್ಷಾರಸದ ಒಂದು ಬಗೆಯ ಆಂಫೊರಾವು ಸುಮಾರು ೨೫ ಲೀಟರು ಹಿಡಿಯುತ್ತಿತ್ತು. ಅದರ ಬರಿಯ ತೂಕವೇ ಸುಮಾರು ೨೫ ಕಿಲೋಗ್ರಾಂ. ಎಂದರೆ ನಾವಿಕನು ಸರಕಿನಷ್ಟೇ ಮಣ್ಣನ್ನೂ ಸಾಗಿಸಬೇಕಾಗಿತ್ತು. ಪೀಪಾಯಿಯಲ್ಲಿ ಪಾತ್ರೆಯ ಭಾರವು ಸರಕಿನ ಭಾರದ ಒಂದು ಅಂಶ ಮಾತ್ರ.

ಎರಡನೆಯದಾಗಿ, ಹೊಟ್ಟೆಯುಬ್ಬಿದ ಪೀಪಾಯಿಯು ನೆಲವನ್ನು ಮುಟ್ಟುವುದು ಅತ್ಯಲ್ಪ ಸ್ಥಳದಲ್ಲಿ. ಮೂವತ್ತಾರು ಗ್ಯಾಲನ್ನಿನ ಪೀಪಾಯಿಯಲ್ಲಿ ನೀರೇ ೩೬೦ ಪೌಂಡು ತೂಗುತ್ತದೆ. ಆದರೂ ಒಬ್ಬನೇ ಆಳು ಅದನ್ನು ಉರುಳಿಸಿ, ಬೇಕಾದೆಡೆಗೆ ತಿರುಗಿಸಿ ನಡೆಸಬಲ್ಲನು. ಮೂರನೆಯದಾಗಿ, ಪ್ರತಿಯೊಂದು ಫಲಕವೂ ಉದ್ದಕ್ಕೂ ಅಡ್ಡಕ್ಕೂ ಕಮಾನಿನಂತೆ ಬಾಗಿರುವುದರಿಂದ ಹೊರಗಿನ ಪೆಟ್ಟು ಒಂದೆಡೆ ನಿಲ್ಲದೆ ಎಲ್ಲ ಫಲಕಗಳಿಗೂ ಹಂಚಿಹೋಗುತ್ತದೆ. ನಾಲ್ಕನೆಯದಾಗಿ, ಬಳೆಗಳು ಸಡಿಲವಾದರೆ ಅವನ್ನು ತುದಿಯಿಂದ ನಡುವಿನ ಕಡೆಗೆ ಬಡಿದರಾಯಿತು. ಉಬ್ಬಿನ ಮೇಲೆ ಏರಿದಷ್ಟೂ ಬಳೆಯು ಬಿಗಿಯುತ್ತದೆ. ಕಡೆಯದಾಗಿ, ಬರಿದಾದ ಪೀಪಾಯಿಯನ್ನು ಬಿಚ್ಚಿ ಫಲಕಗಳ ಕಟ್ಟು ಮಾಡಿ ಅತ್ಯಲ್ಪ ಸ್ಥಳದಲ್ಲಿ ಸಾಗಿಸಿ, ಬೇಕಾದಾಗ ಮತ್ತೆ ಕೂಡಿಸಬಹುದು. ಮಣ್ಣಿನ ಪಾತ್ರೆಗೆ ಈ ಸೌಕರ್ಯ ಎಲ್ಲಿಯದು?

೪

ಇಂಗ್ಲೆಂಡಿನಲ್ಲಿ ಈ ಶಿಲ್ಪಿಗೆ ‘ಕೂಪರ್’ ಎಂದು ಹೆಸರು, ಪೋರ್ಚುಗೀಸಿನಲ್ಲಿ ‘ತಾನೋಯ್ರು’. ಕೂಪರರಲ್ಲಿ ಹಲವು ವರ್ಗಗಳಿದ್ದವು. ದ್ರವಗಳಿಗಾಗಿ ಸೋರದ ಪೀಪಾಯಿ ಮಾಡುವವನು ಎಲ್ಲರಿಗಿಂತ ಮೇಲಿನವನು. ಹಿಟ್ಟು, ಸಕ್ಕರೆ, ಮೊಳೆ ಮುಂತಾದ ಒಣಸರಕಿಗೆ ಪೀಪಾಯಿ ಮಾಡುವವನು ಬೇರೆ. ಹಾಲಿನ ಬೋಗುಣಿ, ಬೆಣ್ಣೆ ಕಡೆಯುವ ಪಾತ್ರೆ, ಬಾಲ್ದಿ ಮೊದಲಾದ ನೇರಬದಿಯ ಮನೆಬಳಕೆಯ ವಸ್ತುಗಳನ್ನು ಮಾಡುವವನನ್ನು ‘ಬಿಳಿ ಕೂಪರ್’ ಎನ್ನುತ್ತಿದ್ದರು. ಕಲಿಕೆಯ ಅವಧಿ ಸಂಪ್ರದಾಯದಂತೆ ಏಳು ವರ್ಷ. ಅದು ಮುಗಿದ ದಿನ ಶಿಷ್ಯನನ್ನು ಅವನೇ ಮಾಡಿದ ಪೀಪಾಯಿಯೊಳಗೆ ಇಳಿಸಿ, ಮಸಿ, ಮರದ ಹೊಟ್ಟು, ಬಿಯರುಗಳನ್ನು ಸುರಿದು ಅಂಗಳದಲ್ಲಿ ಉರುಳಿಸುವ ಪದ್ಧತಿ ಇತ್ತು. ಈ ಒರಟು ವಿನೋದವು ಆ ವೃತ್ತಿಯ ದೀಕ್ಷಾವಿಧಿ.

ಶಿಲ್ಪದ ಮೊದಲ ಪರೀಕ್ಷೆ ಮರದ ಆಯ್ಕೆಯಲ್ಲಿ. ದ್ರವಕ್ಕೆ ಸರ್ವೋತ್ತಮವಾದುದು ಓಕ್. ಆದರೆ ಎಲ್ಲ ಓಕ್ ಮರಗಳೂ ಆಗವು. ಬಿಳಿ ಓಕ್ ಜಾತಿಯಲ್ಲಿ ಮರದ ನೀರುನಾಳಗಳು ಕಾಲಕ್ರಮದಲ್ಲಿ ಒಳಗಿಂದಲೇ ಮುಚ್ಚಿಕೊಳ್ಳುತ್ತವೆ. ಕೆಂಪು ಓಕ್ ಜಾತಿಯಲ್ಲಿ ತೆರೆದೇ ಉಳಿಯುವುದರಿಂದ ದ್ರವವು ಅವುಗಳ ಮೂಲಕವೇ ಹರಿದುಹೋಗುತ್ತದೆ. ಯುರೋಪಿನ ಓಕ್ ಮರವನ್ನು ಗರಗಸದಿಂದ ಕೊಯ್ಯದೆ, ದಿಮ್ಮಿಯ ತಿರುಳಿನಿಂದ ತೊಗಟೆಯ ಕಡೆಗೆ ಹರಡಿದ ಕಿರಣರೇಖೆಗಳ ಗುಂಟ ಸೀಳಬೇಕು. ಹಾಗೆ ಸೀಳಿದಾಗಲೇ ಎಳೆ ತುಂಡಾಗದೆ ಉಳಿದು ಫಲಕವು ಸೋರದೆ ನಿಲ್ಲುತ್ತದೆ. ಇಂಗ್ಲೆಂಡಿನ ಬಿಯರ್ ತಯಾರಕರು ಬಾಲ್ಟಿಕ್ ತೀರದ ಮೇಮೆಲ್ ಬಂದರಿನಿಂದ ಬರುತ್ತಿದ್ದ ಓಕನ್ನು ವಿಶೇಷವಾಗಿ ಮೆಚ್ಚುತ್ತಿದ್ದರು. ಸೀಳಿದ ಫಲಕಗಳನ್ನು ಬಯಲಿನಲ್ಲಿ ಗಾಳಿಯಾಡುವಂತೆ ಒಟ್ಟಿ ಮಳೆಬಿಸಿಲುಗಳಲ್ಲಿ ವರ್ಷಗಟ್ಟಲೆ ಪಕ್ವಗೊಳಿಸುತ್ತಿದ್ದರು. ಈ ಕಾಲಾವಧಿಗೆ ಪರ್ಯಾಯವಿರಲಿಲ್ಲ. ಮುಂದೆ ಹೇಳಲಿರುವ ಒಂದು ಘಟನೆಗೆ ಇದೇ ಕೀಲಿಕೈ.

ಪಕ್ವವಾದ ಫಲಕವನ್ನು ಕೂಪರನು ಮೊದಲು ಅಗಲವಾದ ಕೊಡಲಿಯಿಂದ ಕೆತ್ತಿ ಎರಡೂ ತುದಿಗಳ ಕಡೆಗೆ ಕಿರಿದಾಗಿಸುತ್ತಾನೆ. ಈ ಕೊಡಲಿಯ ಅಲಗು ಕಾವಿನ ನೇರಕ್ಕಿಲ್ಲದೆ ಒಂದು ಮಗ್ಗುಲಿಗೆ ಸರಿದಿರುತ್ತದೆ. ಕೆತ್ತುವಾಗ ಬೆರಳುಗಳು ಮರಕ್ಕೆ ತಗುಲದಿರಲೆಂದು ಈ ಏರ್ಪಾಡು. ಬಳಿಕ ಎರಡು ಹಿಡಿಗಳ ಕತ್ತಿಯನ್ನು ತನ್ನ ಕಡೆಗೆ ಎಳೆಯುತ್ತ ಫಲಕದ ಹೊರಮೈಯನ್ನು ಉಬ್ಬಾಗಿಸುತ್ತಾನೆ. ಬಾಗಿದ ಅಲಗಿನ ಮತ್ತೊಂದು ಕತ್ತಿಯಿಂದ ಒಳಮೈಯನ್ನು ತಗ್ಗಾಗಿಸುತ್ತಾನೆ. ಅನಂತರ ಫಲಕದ ಅಂಚುಗಳನ್ನು ಕೂಡಿಸುವ ಕೆಲಸ. ಇದಕ್ಕೆ ಆಳುದ್ದದ ಒಂದು ಕೀಸುಳಿಯಿದೆ. ನಮ್ಮ ಬಡಗಿ ಮರದ ಮೇಲೆ ಕೀಸುಳಿಯನ್ನು ನಡೆಸುತ್ತಾನೆ. ಕೂಪರನಾದರೋ ಅಲಗು ಮೇಲ್ಮುಖವಾಗಿರುವಂತೆ ಕೀಸುಳಿಯನ್ನು ಓರೆಯಾಗಿ ನಿಲ್ಲಿಸಿ ಮರವನ್ನೇ ಅದರ ಮೇಲೆ ನಡೆಸುತ್ತಾನೆ.

ಈ ಹಂತದಲ್ಲಿಯೇ ಶಿಲ್ಪದ ಮರ್ಮ ಅಡಗಿದೆ. ಪ್ರತಿಯೊಂದು ಫಲಕದ ಅಂಚಿನ ಓರೆಯೂ ಪೀಪಾಯಿಯ ಕೇಂದ್ರರೇಖೆಯನ್ನು ನೋಡುವಂತಿರಬೇಕು. ಫಲಕಗಳ ಅಗಲವು ಒಂದರಂತೆ ಒಂದಿರುವುದಿಲ್ಲ. ಅದೇ ಫಲಕದ ಅಗಲವೂ ನಡುವಿನಲ್ಲಿ ಒಂದು, ತುದಿಯಲ್ಲಿ ಮತ್ತೊಂದು. ಆದರೂ ಕೂಪರನು ಮೂಲೆಮಟ್ಟವನ್ನಾಗಲಿ ಅಚ್ಚನ್ನಾಗಲಿ ಇಡದೆ ಕೇವಲ ಕಣ್ಣಂದಾಜಿನಿಂದ ಈ ಓರೆಯನ್ನು ಸಾಧಿಸುತ್ತಿದ್ದನು. ಓರೆ ಎಳೆಯಷ್ಟು ತಪ್ಪಿದರೂ ಪೀಪಾಯಿ ಸೋರುವುದು.

ಮುಂದೆ ಫಲಕಗಳನ್ನು ಒಂದು ಬಳೆಯೊಳಗೆ ಸುತ್ತಲೂ ನಿಲ್ಲಿಸಲಾಗುತ್ತದೆ. ಮೇಲೆ ಬಿಗಿಯಾಗಿದ್ದು ಕೆಳಗೆ ಲಂಗದಂತೆ ಹರಡಿಕೊಂಡ ಈ ಆಕೃತಿಯನ್ನು ಹಬೆಯಲ್ಲಿಟ್ಟೋ ನೀರಿನಿಂದ ತೋಯಿಸಿಯೋ, ಮರದ ಹೊಟ್ಟನ್ನು ಉರಿಸುವ ಕಬ್ಬಿಣದ ಬುಟ್ಟಿಯ ಮೇಲೆ ಕವಿಚಿ ಕಾಯಿಸುತ್ತಾರೆ. ಮರವು ಮೆತ್ತಗಾಗುತ್ತಲೇ ಆಷ್ ಮರದ ದಪ್ಪ ಬಳೆಗಳನ್ನು, ದೊಡ್ಡದರಿಂದ ಚಿಕ್ಕದಕ್ಕೆ ಕ್ರಮವಾಗಿ, ಸುತ್ತಿಗೆಗಳಿಂದ ಬಡಿದು ಇಳಿಸುತ್ತಾರೆ. ಅರಳಿದ ತುದಿಯು ಹೀಗೆ ಮುಚ್ಚಿಕೊಂಡು ಪೀಪಾಯಿಗೆ ಹೊಟ್ಟೆ ಬರುತ್ತದೆ. ಮರ ತಣ್ಣಗಾಗುವ ಮೊದಲೇ ಮುಗಿಯಬೇಕಾದ ಈ ಕೆಲಸ ಆತುರದ್ದೂ ಅತ್ಯಂತ ಶ್ರಮದ್ದೂ ಆಗಿದೆ. ಆ ಬಳಿಕ ಒಳಗೆ ಮತ್ತೆ ಬೆಂಕಿಯ ಶಾಖ ಕೊಟ್ಟು ಬಾಗನ್ನು ಶಾಶ್ವತಗೊಳಿಸುತ್ತಾರೆ.

ತುದಿಗಳ ಕೆಲಸಕ್ಕೆ ಬೇರೆಯೇ ಉಪಕರಣಗಳಿವೆ. ಗಿಡ್ಡ ಕಾವಿನ ಬಾಚಿಯಿಂದ ಫಲಕಗಳ ತುದಿಯನ್ನು ಒಳಗಡೆ ಓರೆಯಾಗಿ ಕೆತ್ತುವುದು. ಪೀಪಾಯಿಯ ವೃತ್ತಕ್ಕೆ ಹೊಂದುವಂತೆ ಬಿಲ್ಲಿನಾಕಾರದಲ್ಲಿ ಬಾಗಿದ ಕೀಸುಳಿಯಿಂದ ತುದಿಗಳನ್ನು ಸಮಮಾಡುವುದು. ‘ಚಿವ್’ ಎಂಬ ಉಪಕರಣದಿಂದ ಒಳಸುತ್ತನ್ನು ನಯಗೊಳಿಸುವುದು. ಕಡೆಗೆ ‘ಕ್ರೋಜ್’ ಎಂಬ ಉಪಕರಣದಿಂದ ಮುಚ್ಚಳ ಕೂರುವ ತೋಡನ್ನು ಕೊರೆಯುವುದು. ಈ ಕ್ರೋಜನ್ನು ಬೇರಾವ ಮರಗೆಲಸದವನೂ ಬಳಸುವುದಿಲ್ಲ. ಅದನ್ನು ಕೂಪರನ ಲಾಂಛನವೆಂದರೂ ಸಲ್ಲುತ್ತದೆ.

ಮುಚ್ಚಳದ ಅಳತೆಯನ್ನು ಕಂಡುಹಿಡಿಯುವ ಕ್ರಮ ಸ್ವಾರಸ್ಯಕರವಾದುದು. ಕೂಪರನು ಕೈವಾರವನ್ನು ತೋಡಿನ ಸುತ್ತ ನಡೆಸುತ್ತ ಅದನ್ನು ಹಿಗ್ಗಿಸಿ ಕುಗ್ಗಿಸಿ, ಸರಿಯಾಗಿ ಆರು ಹೆಜ್ಜೆಗಳಲ್ಲಿ ಹೊರಟ ಸ್ಥಳಕ್ಕೆ ಮರಳುವಂತೆ ಮಾಡುತ್ತಾನೆ. ಆಗ ಕೈವಾರದ ಅಗಲವೇ ವೃತ್ತದ ತ್ರಿಜ್ಯ. ವೃತ್ತದೊಳಗಿನ ಸಮಷಡ್ಭುಜದ ಭುಜವು ತ್ರಿಜ್ಯಕ್ಕೆ ಸಮವೆಂಬ ಪ್ರಮೇಯವನ್ನು ಅವನು ಓದಿರಲಿಲ್ಲ. ಅವನ ಕೈ ಅದನ್ನು ಬಲ್ಲುದಾಗಿತ್ತು. ಮುಚ್ಚಳದ ಹಲಗೆಗಳನ್ನು ಮರದ ಗೂಟಗಳಿಂದ ಕೂಡಿಸಿ, ಸಂದುಗಳಲ್ಲಿ ಒಣಗಿದ ಜೊಂಡನ್ನು ಇಟ್ಟು, ವೃತ್ತಾಕಾರವಾಗಿ ಕೊಯ್ದು, ಅಂಚನ್ನು ತೆಳುಮಾಡಿ ತೋಡಿನಲ್ಲಿ ಕೂರಿಸುತ್ತಾರೆ. ಕಬ್ಬಿಣದ ಪಟ್ಟಿಯನ್ನು ಅಡಿಗಲ್ಲಿನ ಮೇಲೆ ಬಾಗಿಸಿ, ಒಂದು ಅಂಚನ್ನು ಬಡಿದು ಅರಳಿಸಿ, ತುದಿಗಳನ್ನು ರಿವೆಟ್ಟುಗಳಿಂದ ಬೆಸೆದು ಬಳೆ ಮಾಡುವವನೂ ಕೂಪರನೇ. ನಮ್ಮ ಗಾಡಿಯ ಚಕ್ರಕ್ಕೆ ಕಬ್ಬಿಣದ ಪಟ್ಟಿ ತೊಡಿಸುವುದನ್ನು ಕಂಡವರಿಗೆ ಈ ಬಿಗಿತದ ತತ್ತ್ವವು ಸುಲಭವಾಗಿ ತಿಳಿಯುತ್ತದೆ. ನಮ್ಮಲ್ಲಿ ಪಟ್ಟಿಯು ಕಾದು ಹಿಗ್ಗಿ, ತಣಿದು ಬಿಗಿಯುವುದು. ಪೀಪಾಯಿಯಲ್ಲಿ ಬಳೆಯು ಉಬ್ಬಿನ ಮೇಲೇರಿ ಬಿಗಿಯುವುದು. ಇಷ್ಟೇ ವ್ಯತ್ಯಾಸ.

ಕೊನೆಯಲ್ಲಿ ಸ್ವಲ್ಪ ಕುದಿನೀರನ್ನು ಹೊಯ್ದು ಬಿರಡೆ ಬಡಿದು ಪೀಪಾಯಿಯನ್ನು ಕುಲುಕುತ್ತಾರೆ. ಒಳಗಿನ ಹಬೆಯ ಒತ್ತಡಕ್ಕೆ, ಎಲ್ಲಿ ದೋಷವಿದೆಯೋ ಅಲ್ಲಿ ನೀರು ಜಿನುಗುವುದು. ಕೂಪರನಿಗೆ ಬೇರೆ ಪರೀಕ್ಷಕ ಬೇಕಾಗಿರಲಿಲ್ಲ.

೫

ಹೀಗೆ ಕಣ್ಣಂದಾಜಿನಿಂದ ಹುಟ್ಟಿದ ಪಾತ್ರೆಯು ವ್ಯಾಪಾರದ ಮಾನವೂ ಆಗಿತ್ತು. ಇದರಿಂದ ಕೂಪರನು ನ್ಯಾಯವಾದ ಅಳತೆಯ ರಕ್ಷಕನೂ ಆದನು. ಲಂಡನ್ ನಗರಾಡಳಿತವು ೧೪೨೦ರಲ್ಲಿ ಪ್ರತಿಯೊಬ್ಬ ಕೂಪರನೂ ತನ್ನ ಪಾತ್ರೆಗಳ ಮೇಲೆ ತನ್ನದೇ ಮುದ್ರೆಯನ್ನು ಕಾಯಿಸಿ ಒತ್ತಬೇಕೆಂದು ವಿಧಿಸಿತು. ಲಂಡನ್ನಿನ ಕೂಪರರ ಶ್ರೇಣಿಗೆ ಏಳನೆಯ ಹೆನ್ರಿಯಿಂದ ೧೫೦೧ರಲ್ಲಿ ರಾಜಶಾಸನ ದೊರೆಯಿತು. ಎಂಟನೆಯ ಹೆನ್ರಿಯ ೧೫೩೧ರ ಕಾಯಿದೆಯು ಬಿಯರ್ ತಯಾರಕರು ಪೀಪಾಯಿಗಳನ್ನು ತಾವೇ ಮಾಡಿಕೊಳ್ಳಬಾರದೆಂದು ನಿಷೇಧಿಸಿ, ಬಿಯರಿನ ಬ್ಯಾರೆಲ್ಲು ೩೬ ಗ್ಯಾಲನ್, ಏಲ್ ಎಂಬ ಪಾನೀಯದ ಬ್ಯಾರೆಲ್ಲು ೩೨ ಗ್ಯಾಲನ್ ಎಂದು ಗೊತ್ತುಪಡಿಸಿತು. ಮಾರುವವನು ಬೇರೆ, ಅಳೆಯುವ ಪಾತ್ರೆಯನ್ನು ಮಾಡುವವನು ಬೇರೆ ಇರಬೇಕೆಂಬ ಈ ನೀತಿಯು ಗಮನಾರ್ಹ. ಕಾಲಕ್ರಮದಲ್ಲಿ ನೆಲೆಗೊಂಡ ಬಿಯರಿನ ಮಾನಗಳಲ್ಲಿ ಪಿನ್ ೪½, ಫರ್ಕಿನ್ ೯, ಕಿಲ್ಡರ್ಕಿನ್ ೧೮, ಬ್ಯಾರೆಲ್ ೩೬, ಹಾಗ್ಸ್‌ಹೆಡ್ ೫೪, ಬಟ್ ೧೦೮ ಗ್ಯಾಲನ್ನುಗಳು.

ದ್ರಾಕ್ಷಾರಸದ ಮಾನಗಳು ಬೇರೆ. ಅವುಗಳಲ್ಲಿ ದೊಡ್ಡದಾದ ‘ಟನ್’ ಎಂಬ ಪೀಪಾಯಿಯು ೨೫೨ ದ್ರಾಕ್ಷಾರಸ ಗ್ಯಾಲನ್ನುಗಳನ್ನು ಹಿಡಿಯುತ್ತಿತ್ತು. ‘ಪೈಪ್’ ಅದರ ಅರ್ಧ. ನಮ್ಮ ಪೀಪಾಯಿಯ ಮೂಲವಾದ ಪೋರ್ಚುಗೀಸ್ ‘ಪಿಪಾ’ ಇದರ ಸೋದರ ಶಬ್ದ. ಹಡಗೊಂದು ಎಷ್ಟು ಟನ್ ಪೀಪಾಯಿಗಳನ್ನು ಹೊರಬಲ್ಲುದೆಂಬುದೇ ಅದರ ಗಾತ್ರದ ಅಳತೆಯಾಯಿತು. ಇಂದು ನಾವು ಹಡಗಿನ ‘ಟನ್ನೇಜು’ ಎನ್ನುವಾಗ ನಮಗರಿವಿಲ್ಲದೆಯೇ ಮಧ್ಯಯುಗದ ದ್ರಾಕ್ಷಾರಸದ ಪೀಪಾಯಿಗಳನ್ನು ಎಣಿಸುತ್ತಿದ್ದೇವೆ.

ಪೀಪಾಯಿಯ ಅಳತೆಯು ಗಣಿತಶಾಸ್ತ್ರದ ಇತಿಹಾಸವನ್ನೂ ಪ್ರವೇಶಿಸಿದೆ. ಖಗೋಳಜ್ಞನಾದ ಯೋಹಾನೆಸ್ ಕೆಪ್ಲರನು ೧೬೧೩ರಲ್ಲಿ ಎರಡನೆಯ ಮದುವೆಯಾದ ಕಾಲದಲ್ಲಿ ಲಿನ್ಸ್ ನಗರದ ತನ್ನ ಮನೆಗೆ ದ್ರಾಕ್ಷಾರಸದ ಪೀಪಾಯಿಗಳನ್ನು ತರಿಸಿದನು. ವ್ಯಾಪಾರಿಯು ಬಿರಡೆಯ ರಂಧ್ರದಿಂದ ಮುಚ್ಚಳದ ಕೆಳಅಂಚಿನವರೆಗೆ ಒಂದು ಕೋಲನ್ನು ಓರೆಯಾಗಿ ಇಳಿಸಿ, ಅದೊಂದರಿಂದಲೇ ಪ್ರತಿಯೊಂದು ಪೀಪಾಯಿಯ ಹಿಡಿತವನ್ನು ಹೇಳಿದನು. ಆಕಾರವನ್ನು ಗಣನೆಗೆ ತೆಗೆದುಕೊಳ್ಳದ ಈ ಕ್ರಮವು ಸರಿಯಾಗಿರುವುದು ಹೇಗೆಂದು ಕೆಪ್ಲರನಿಗೆ ಸಂದೇಹ ಬಂದಿತು. ಅದರ ಫಲವೇ ೧೬೧೫ರಲ್ಲಿ ಲಿನ್ಸಿನಲ್ಲಿ ಪ್ರಕಟವಾದ, ದ್ರಾಕ್ಷಾರಸದ ಪೀಪಾಯಿಗಳ ಘನಮಾನವನ್ನು ಕುರಿತ ಅವನ ಲ್ಯಾಟಿನ್ ಗ್ರಂಥ. ಘನವಸ್ತುವನ್ನು ಅತಿಸೂಕ್ಷ್ಮ ಭಾಗಗಳಾಗಿ ವಿಭಜಿಸಿ ಕೂಡಿಸುವ ಅದರ ಕ್ರಮವು ಮುಂದಿನ ಕಲನಶಾಸ್ತ್ರಕ್ಕೆ ಪೂರ್ವಪೀಠಿಕೆಯಾಯಿತು.

ಕೋಲಿನ ಓರೆ ಅಳತೆ ಒಂದೇ ಆಗಿರುವ ಸಿಲಿಂಡರುಗಳಲ್ಲಿ, ಉದ್ದವು ವ್ಯಾಸದ √೨ರಷ್ಟು, ಎಂದರೆ ಸುಮಾರು ೧.೪೧ರಷ್ಟು ಇರುವುದೇ ಅತಿ ಹೆಚ್ಚು ಹಿಡಿಯುತ್ತದೆ. ಆಸ್ಟ್ರಿಯದ ಕೂಪರರು ಫಲಕದ ಉದ್ದದ ಮೂರನೆಯ ಒಂದು ಭಾಗವನ್ನು ಮುಚ್ಚಳದ ತ್ರಿಜ್ಯವಾಗಿ ಇಟ್ಟುಕೊಳ್ಳುತ್ತಿದ್ದರು. ಎಂದರೆ ಉದ್ದವು ವ್ಯಾಸದ ೧.೫ರಷ್ಟು. ಇದು ಪರಮಾವಧಿಗೆ ಅತಿ ಸಮೀಪ. ಪರಮಾವಧಿಯ ಸಮೀಪದಲ್ಲಿ ಆಕಾರವು ಸ್ವಲ್ಪ ಹೆಚ್ಚು ಕಡಿಮೆಯಾದರೂ ಹಿಡಿತವು ಬದಲಾಗುವುದು ಅತ್ಯಲ್ಪವೆಂದು ಕೆಪ್ಲರನು ಕಂಡನು. ಆದುದರಿಂದ ಆಸ್ಟ್ರಿಯದಲ್ಲಿ ಒಂದೇ ಕೋಲಿನಿಂದ ಅಳೆಯುವುದು ಮೋಸವಾಗಿರಲಿಲ್ಲ. ವಿದ್ವಾಂಸನು ಸಂಶಯದಿಂದ ಹೊರಟು ಕುಶಲಕರ್ಮಿಯ ಸಮರ್ಥನೆಯಲ್ಲಿ ಮುಗಿಸಿದ ಈ ಪ್ರಸಂಗವು ಜ್ಞಾನದ ಇತಿಹಾಸದಲ್ಲಿ ಸ್ಮರಣೀಯ.

೬

ಪೀಪಾಯಿಯಿಲ್ಲದೆ ಮಹಾಸಾಗರದ ಯಾನವು ಯುರೋಪಿಯನರಿಗೆ ಸಾಧ್ಯವಾಗುತ್ತಿರಲಿಲ್ಲ. ಕುಡಿಯುವ ನೀರು, ದ್ರಾಕ್ಷಾರಸ, ಉಪ್ಪು ಹಾಕಿದ ಮಾಂಸ, ಮದ್ದುಗುಂಡಿನ ಪುಡಿ ಎಲ್ಲವೂ ಅದರಲ್ಲಿಯೇ ಸಾಗಬೇಕಾಗಿತ್ತು. ಕಲ್ಲಿಕೋಟೆಯಿಂದ ಹಿಂದಿರುಗುವಾಗ ವಾಸ್ಕೊ ಡ ಗಾಮನು ೧೪೯೮ರ ಸೆಪ್ಟೆಂಬರ್ ಕೊನೆಯಲ್ಲಿ ನಮ್ಮ ಕಾರವಾರದ ಎದುರಿನ ಅಂಜದೀವ ದ್ವೀಪದಲ್ಲಿ ತಂಗಿ, ಹಡಗುಗಳನ್ನು ಸರಿಪಡಿಸಿಕೊಂಡು ನೀರು ತುಂಬಿಕೊಂಡನು. ಅಲ್ಲಿಂದ ಆಫ್ರಿಕದ ತೀರವನ್ನು ಮುಟ್ಟಲು ಸುಮಾರು ಮೂರು ತಿಂಗಳು ಹಿಡಿಯಿತು. ಅಷ್ಟು ದಿನ ನಾವಿಕರ ಪ್ರಾಣವು ಪೀಪಾಯಿಯ ಫಲಕಗಳ ಸಂದಿನಲ್ಲಿ ನಿಂತಿತ್ತು. ಭಾರತಕ್ಕೆ ಬರುತ್ತಿದ್ದ ಪೋರ್ಚುಗೀಸ್ ಹಡಗುಗಳ ಸಿಬ್ಬಂದಿಯಲ್ಲಿ ಬಡಗಿಯಂತೆ ‘ತಾನೋಯ್ರು’ವಿಗೂ ಸ್ಥಾನವಿದ್ದುದು ಇದರಿಂದಲೇ.

ಕೆನಡದ ಲ್ಯಾಬ್ರಡಾರ್ ತೀರದ ರೆಡ್ ಬೇ ಎಂಬಲ್ಲಿ ೧೯೭೮ರಲ್ಲಿ ಪತ್ತೆಯಾದ ಹದಿನಾರನೆಯ ಶತಮಾನದ ಬಾಸ್ಕ್ ಹಡಗಿನ ಅವಶೇಷಗಳಲ್ಲಿ ತಿಮಿಂಗಿಲದ ಎಣ್ಣೆಯ ಪೀಪಾಯಿಗಳ ಅಸಂಖ್ಯ ಫಲಕಗಳು ದೊರೆತವು. ಸಮೀಪದ ದ್ವೀಪದಲ್ಲಿ ಕೂಪರರ ಕಾರ್ಯಾಗಾರಗಳೇ ಉತ್ಖನನದಿಂದ ಹೊರಬಿದ್ದವು. ಯುರೋಪಿನಿಂದ ಬಿಚ್ಚಿದ ಫಲಕಗಳನ್ನು ಒಯ್ದು ಅಲ್ಲಿ ಕೂಡಿಸಿ ತುಂಬಿ ತರುತ್ತಿದ್ದರೆಂದು ಇದರಿಂದ ಸಿದ್ಧವಾಗುತ್ತದೆ.

ಪೀಪಾಯಿಯ ಅಭಾವವು ಒಂದು ಮಹಾಯುದ್ಧದಲ್ಲಿ ಏನು ಮಾಡಿತೆಂಬುದಕ್ಕೆ ಸ್ಪೇಯಿನಿನ ಆರ್ಮಡಾ ನಿದರ್ಶನ. ಇಂಗ್ಲೆಂಡನ್ನು ಗೆಲ್ಲಲು ಎರಡನೆಯ ಫಿಲಿಪ್ಪನು ನೌಕಾಬಲವನ್ನು ಕೂಡಿಸುತ್ತಿದ್ದಾಗ, ೧೫೮೭ರ ವಸಂತದಲ್ಲಿ ಫ್ರಾನ್ಸಿಸ್ ಡ್ರೇಕನು ಕಾಡಿಜ್ ಬಂದರಿನ ಮೇಲೆರಗಿ ಹಡಗುಗಳನ್ನು ಸುಟ್ಟನು. ಪ್ರಸಿದ್ಧವಾದುದು ಈ ದಾಳಿ. ಆದರೆ ಮುಂದಿನ ವಾರಗಳಲ್ಲಿ ಅವನು ಸೇಂಟ್ ವಿನ್ಸೆಂಟ್ ಭೂಶಿರದ ಬಳಿ ಕಾದುಕೊಂಡು ತೀರದ ಗುಂಟ ಸಾಗುವ ಸಣ್ಣ ನೌಕೆಗಳನ್ನು ಹಿಡಿದು ಸುಟ್ಟುದು ಹೆಚ್ಚು ಪರಿಣಾಮಕಾರಿಯಾಯಿತು. ಆ ನೌಕೆಗಳಲ್ಲಿದ್ದುದು ಪೀಪಾಯಿಯ ಬಳೆಗಳು ಮತ್ತು ಪಕ್ವವಾದ ಫಲಕಗಳು. ಅವುಗಳ ತೂಕ ೧೬೦೦ ಅಥವಾ ೧೭೦೦ ಟನ್ನುಗಳಿಗೆ ಮೀರಿತ್ತೆಂದು ಡ್ರೇಕನ ವರದಿ. ವಿಜೇತನ ವರದಿಯಲ್ಲಿ ಉತ್ಪ್ರೇಕ್ಷೆಯಿರುವುದು ಸಹಜ. ಆದರೂ ನಷ್ಟವು ಗುರುತರವಾಗಿತ್ತೆಂಬುದರಲ್ಲಿ ಸಂದೇಹವಿಲ್ಲ.

ಸುಟ್ಟ ಹಡಗಿಗೆ ಬದಲಾಗಿ ಮತ್ತೊಂದನ್ನು ಕೊಳ್ಳಬಹುದು, ಬಾಡಿಗೆಗೆ ಹಿಡಿಯಬಹುದು. ವರ್ಷಗಟ್ಟಲೆ ಒಣಗಿ ಪಕ್ವವಾಗಬೇಕಾದ ಫಲಕಗಳನ್ನು ಒಂದು ವರ್ಷದಲ್ಲಿ ಪಡೆಯುವುದು ಯಾವ ಸಾಮ್ರಾ‌ಟನಿಗೂ ಅಸಾಧ್ಯ. ೧೫೮೮ರ ಮೇ ಕೊನೆಯಲ್ಲಿ ಸುಮಾರು ೧೩೦ ಹಡಗುಗಳ ಆರ್ಮಡಾ ಲಿಸ್ಬನ್ನನ್ನು ಬಿಟ್ಟಾಗ ಅದರ ಪೀಪಾಯಿಗಳಲ್ಲಿ ಅನೇಕವು ಹಸಿಮರದವು. ಜೂನ್ ತಿಂಗಳಲ್ಲಿಯೇ ನೀರು ಸೋರಿ, ಆಹಾರ ಕೊಳೆತು, ನೌಕಾಧಿಪತಿ ಮೆದಿನಾ ಸಿದೋನಿಯಾ ಕೊರುನ್ನಾ ಬಂದರನ್ನು ಹೊಗಬೇಕಾಯಿತು. ಆಗಸ್ಟಿನಲ್ಲಿ ಗ್ರಾವಲೀನ್ ಕದನದ ಬಳಿಕ ಸ್ಕಾಟ್ಲೆಂಡನ್ನು ಬಳಸಿ ಮರಳುವಾಗ ಪ್ರತಿಯೊಬ್ಬನಿಗೆ ದಿನಕ್ಕೆ ಅರ್ಧ ಪೌಂಡು ರೊಟ್ಟಿ, ಒಂದು ಪಿಂಟು ನೀರು, ಅರ್ಧ ಪಿಂಟು ದ್ರಾಕ್ಷಾರಸ ಎಂದು ಕಟ್ಟು ಮಾಡಲಾಯಿತು. ನೀರುಳಿಸಲು ಕುದುರೆ ಹೇಸರಗತ್ತೆಗಳನ್ನು ಸಮುದ್ರಕ್ಕೆ ನೂಕಿದರು. ಹಲವು ಹಡಗುಗಳು ಐರ್ಲೆಂಡಿನ ಬಂಡೆಗಳಿಗೆ ಬಡಿದು ನಾಶವಾದವು. ಅವುಗಳಲ್ಲಿ ಕೆಲವು ನೀರನ್ನರಸಿಯೇ ತೀರಕ್ಕೆ ಬಂದಿದ್ದವು.

ಆರ್ಮಡಾದ ಸೋಲಿಗೆ ಪೀಪಾಯಿಯೊಂದೇ ಕಾರಣವೆಂದು ಹೇಳುವುದು ಇತಿಹಾಸಕ್ಕೆ ಅಪಚಾರ. ಫ್ಲಾಂಡರ್ಸಿನ ಸೈನ್ಯದೊಡನೆ ಕೂಡಿಕೊಳ್ಳುವ ಯೋಜನೆಯ ದೌರ್ಬಲ್ಯ, ಇಂಗ್ಲಿಷರ ಫಿರಂಗಿಗಳು, ಬಿರುಗಾಳಿ ಇವೆಲ್ಲಕ್ಕೂ ಅದರಲ್ಲಿ ಪಾಲಿದೆ. ಆದರೆ ಗ್ಯಾರೆಟ್ ಮ್ಯಾಟಿಂಗ್ಲಿಯವರು ೧೯೫೯ರ ತಮ್ಮ ಗ್ರಂಥದಲ್ಲಿ ಈ ಫಲಕಗಳ ನಷ್ಟಕ್ಕೆ ಕೊಟ್ಟ ಮಹತ್ತ್ವವು ಯುಕ್ತವಾಗಿಯೇ ಇದೆ. ಕದನದಲ್ಲಿ ಸತ್ತವರಿಗಿಂತ ಹಸಿವು, ನೀರಡಿಕೆ, ರೋಗ, ನೌಕಾಭಂಗಗಳಿಂದ ಸತ್ತವರೇ ಹೆಚ್ಚು. ಅವರ ಸಂಕಟದ ಒಂದು ಬೇರು ಪೋರ್ಚುಗಲ್ಲಿನ ತೀರದಲ್ಲಿ ಉರಿದ ಮರದ ರಾಶಿಯಲ್ಲಿತ್ತು.

೭

ಹತ್ತೊಂಬತ್ತನೆಯ ಶತಮಾನದಲ್ಲಿ ಈ ಶಿಲ್ಪವು ಪರಾಕಾಷ್ಠೆಯನ್ನು ಮುಟ್ಟಿತು. ಸ್ಕಾಟ್ಲೆಂಡಿನ ಹೆರಿಂಗ್ ಮೀನು, ಅಮೆರಿಕದ ಹಿಟ್ಟು, ಮುಂಬಯಿ ಮದರಾಸು ಕಲ್ಕತ್ತೆಗಳಿಗೆ ಬರುತ್ತಿದ್ದ ಇಂಗ್ಲೆಂಡಿನ ಬಿಯರು ಎಲ್ಲವೂ ಪೀಪಾಯಿಯಲ್ಲಿಯೇ ಚಲಿಸಿದವು. ಪೆನ್ಸಿಲ್ವೇನಿಯದ ಟೈಟಸ್‌ವಿಲ್ಲಿನಲ್ಲಿ ೧೮೫೯ರಲ್ಲಿ ಕಲ್ಲೆಣ್ಣೆಯ ಬಾವಿ ಕೊರೆದಾಗ ಎಣ್ಣೆಯನ್ನು ತುಂಬಲು ದೊರೆತುದೂ ಮರದ ಪೀಪಾಯಿಗಳೇ. ಅಲ್ಲಿನ ಉತ್ಪಾದಕರು ೧೮೬೬ರಲ್ಲಿ ೪೨ ಗ್ಯಾಲನ್ನಿನ ಬ್ಯಾರೆಲ್ಲನ್ನು ಮಾನವಾಗಿ ಒಪ್ಪಿಕೊಂಡರು. ಆದರೆ ಅದಕ್ಕೆ ಒಂದು ವರ್ಷ ಮೊದಲೇ, ೧೮೬೫ರಲ್ಲಿ, ಕೊಳವೆಯ ಮೂಲಕ ಎಣ್ಣೆ ಹರಿಸುವ ಏರ್ಪಾಡು ಅಲ್ಲಿ ಯಶಸ್ವಿಯಾಗಿತ್ತು. ಉಕ್ಕಿನ ಡ್ರಮ್ಮಿಗೆ ೧೯೦೫ರಲ್ಲಿ ಅಮೆರಿಕದಲ್ಲಿ ಪೇಟೆಂಟ್ ದೊರೆಯಿತು. ಎರಡನೆಯ ಮಹಾಯುದ್ಧದ ಬಳಿಕ ಬಿಯರು ಕೂಡ ಲೋಹದ ಪಾತ್ರೆಗಳಿಗೆ ಇಳಿಯಿತು. ಒಂದೊಂದು ಕಾರ್ಖಾನೆಯಲ್ಲಿ ನೂರಾರು ಕೂಪರರಿದ್ದ ಕಾಲವು ಒಂದೆರಡು ದಶಕಗಳಲ್ಲಿ ಕಣ್ಮರೆಯಾಯಿತು. ಇಂದಿಗೂ ಜಗತ್ತಿನ ಕಲ್ಲೆಣ್ಣೆಯ ಬೆಲೆಯನ್ನು ಬ್ಯಾರೆಲ್ಲಿನ ಲೆಕ್ಕದಲ್ಲಿಯೇ ಹೇಳುತ್ತಾರೆ; ಆ ಬ್ಯಾರೆಲ್ಲು ಮಾತ್ರ ಎಲ್ಲಿಯೂ ಇಲ್ಲ. ದ್ರಾಕ್ಷಾರಸ ಮತ್ತು ವಿಸ್ಕಿಗಳ ರುಚಿಗೆ ಓಕ್ ಮರದ ಸಂಪರ್ಕ ಅವಶ್ಯವಾಗಿರುವ ಕಡೆಗಳಲ್ಲಿ ಶಿಲ್ಪವು ಉಳಿದಿದೆ. ಅಲ್ಲಿಯೂ ಬಹುಪಾಲು ಕೆಲಸವನ್ನು ಯಂತ್ರಗಳು ನಡೆಸುತ್ತವೆ.

ಈ ಶಿಲ್ಪದ ವಿವರಗಳು ನಮಗೆ ಇಷ್ಟಾದರೂ ತಿಳಿದಿರುವುದು, ಅದು ಅಳಿಯುತ್ತಿರುವಾಗಲೇ ಕೆಲವರು ಅದನ್ನು ಬರೆದಿಟ್ಟುದರಿಂದ. ಸ್ವತಃ ಕೂಪರನಾಗಿದ್ದ ಕೆನೆತ್ ಕಿಲ್ಬಿಯವರು ೧೯೭೧ರಲ್ಲಿ ಪ್ರಕಟಿಸಿದ ಗ್ರಂಥವು ಇವುಗಳಲ್ಲಿ ಮುಖ್ಯವಾದುದು. ಚಿವ್, ಕ್ರೋಜ್‌ಗಳು ವಸ್ತುಸಂಗ್ರಹಾಲಯದಲ್ಲಿ ಇಂದು ಯಾರಿಗೂ ಸಿಗುತ್ತವೆ. ಆದರೆ ಅವನ್ನು ಹಿಡಿಯುವ ಬಗೆ, ಅಂಚಿನ ಓರೆಯನ್ನು ಕಣ್ಣಿನಿಂದ ಅಳೆಯುವ ಬಗೆ, ಕಾದ ಮರವು ಬಾಗಲು ಒಪ್ಪಿತೆಂದು ತಿಳಿಯುವ ಬಗೆ, ಇವು ಉಪಕರಣದೊಳಗಿಲ್ಲ. ಅವು ಮನುಷ್ಯನೊಡನೆ ಇರುತ್ತವೆ, ಅವನೊಡನೆಯೇ ಹೋಗುತ್ತವೆ.

ಇದರಿಂದ ನಾವು ಕಲಿಯಬೇಕಾದುದಿದೆ. ಕರ್ನಾಟಕದ ಬಡಗಿ, ಕಮ್ಮಾರ, ಮೇದಾರ, ಕುಂಬಾರರ ಉಪಕರಣಗಳ ಹೆಸರುಗಳು ಊರಿಂದೂರಿಗೆ ಬೇರೆಯಾಗಿವೆ. ಅವುಗಳಲ್ಲಿ ನಿಘಂಟುಗಳಿಗೆ ಸೇರಿದವು ಕೆಲವು, ಸೇರದವು ಹಲವು. ಗಾಡಿಯ ಚಕ್ರವನ್ನು ಕಟ್ಟಬಲ್ಲ ಕೈಗಳು ಈಗಾಗಲೇ ವಿರಳವಾಗಿವೆ. ಹೆಸರನ್ನಷ್ಟೇ ಅಲ್ಲದೆ, ಕೆಲಸದ ಕ್ರಮವನ್ನೂ ಅಳತೆಯ ರಹಸ್ಯವನ್ನೂ ಬಲ್ಲವರ ಬಾಯಿಂದಲೇ ಕೇಳಿ ಬರೆದಿಡುವುದು ಇತಿಹಾಸ ವಿಭಾಗಗಳ ಕರ್ತವ್ಯವೇ ಆಗಿದೆ. ಪೀಪಾಯಿಯು ನಮಗೆ ಹೊರಗಿನಿಂದ ಬಂದುದು. ಅದರ ಶಿಲ್ಪದ ವೃತ್ತಾಂತವನ್ನು ಹೊರಗಿನವರು ಬರೆದಿಟ್ಟರು. ನಮ್ಮ ಮರಿಗೆಯ, ನಮ್ಮ ಗಾಲಿಯ ವೃತ್ತಾಂತವನ್ನು ಬರೆಯಬೇಕಾದವರು ನಾವೇ.